ಸಹಿ ಹಾಕದ ಡಾಕ್ಟರಿಗೆ

ಬಿಳಗಿ, ಸಿದ್ದಾಪುರ ತಾಲೂಕು
20 ಜನವರಿ 2003

ಡಾಕ್ಟರ್ ನಮಿತಾ ಹೆಗಡೆ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನನ್ನ ತಮ್ಮ ಉಲ್ಲಾಸ ನಾಯ್ಕನ ಪರಿಚಯ ಇದೆ. ಹೋದ ವಾರ ಮುಂಬಯಿಯಲ್ಲಿ, ಜನ ಟಿಕೇಟು ತಗೊಂಡು ಕೂತಿದ್ದಾಗ, ಅವನು ಹೊಡೆದಾಟದ ಪಂಜರದೊಳಗೆ ಕಾಲಿಡುವ ಮುಂಚೆ ನೀವು ತಡೆದು ವಾಪಸು ಕಳಿಸಿದಿರಿ. ಅವನ ಚೀಲದಲ್ಲಿ ನೀವು ಕೊಟ್ಟ ಚೀಟಿ ಸಿಕ್ಕಿತು. ಇವತ್ತು ಆಡಲು ಯೋಗ್ಯನಲ್ಲ ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು. ಕೆಳಗೆ ನಿಮ್ಮ ಹೆಸರು, ಮಾಟುಂಗದ ದವಾಖಾನೆಯ ವಿಳಾಸ.

ನಾನು ತನುಜಾ, ಬಿಳಗಿಯ ಅಂಗನವಾಡಿ ಟೀಚರು. ಅಮ್ಮ ತೀರಿಕೊಂಡಾಗ ಉಲ್ಲಾಸ ಒಂದನೇ ಕ್ಲಾಸು. ಬೆಳೆಸಿದವಳು ನಾನು, ಸಿದ್ದಾಪುರದ ಗರಡಿಗೆ ಕಳಿಸಿದವಳೂ ನಾನು. ಶಿರಸಿ, ಯಲ್ಲಾಪುರ, ಹಾನಗಲ್ಲಿನ ಕುಸ್ತಿಗಳಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿದ್ದು ಅಪರೂಪ. ಮೂರು ವರ್ಷದ ಹಿಂದೆ ಮುಂಬಯಿಗೆ ಹೋದ, ಜಿಮ್ಮಿನಲ್ಲಿ ಕಲಿಸುವ ಕೆಲಸ ಅಂದ. ಕುಸ್ತಿ, ಬಾಕ್ಸಿಂಗು, ಕರಾಟೆ ಎಲ್ಲ ಕಲಸಿದ ಈ ಹೊಸ ಆಟಕ್ಕೆ ಇಳಿದದ್ದು ನನಗೆ ಗೊತ್ತಾಗಿದ್ದು ತಡವಾಗಿ. ಬೈದೆ. ಆಮೇಲೆ ಅವನ ಹುಮ್ಮಸ್ಸು ನೋಡಿ ಸುಮ್ಮನಾದೆ.

ಡಿಸೆಂಬರಿನಲ್ಲಿ ಅವನಿಗೆ ಜೋಡಿ ಕಟ್ಟಿದ್ದು ಅವನಿಗಿಂತ ಒಂಬತ್ತು ಕಿಲೋ ಜಾಸ್ತಿ ಇದ್ದವನನ್ನು. ತಕ್ಕಡಿಯನ್ನೇ ತಂದಿರಲಿಲ್ಲವಂತೆ. ಇವನು ಕೆಳಗೆ ಬಿದ್ದು ಕೈ ಸಡಿಲಾದ ಮೇಲೂ ಆ ಮನುಷ್ಯ ತಲೆಗೆ ಗುದ್ದುತ್ತಲೇ ಇದ್ದ, ರೆಫರಿ ನೋಡುತ್ತ ನಿಂತಿದ್ದ. ಅದೇ ಮನುಷ್ಯನ ಜೊತೆ ಜನವರಿಯಲ್ಲಿ ಮತ್ತೆ ಆಡಿಸುತ್ತೇವೆ, ಈ ಸಲ ತೂಕ ನೋಡುತ್ತೇವೆ, ನಿಯಮ ಇರುತ್ತದೆ ಅಂದಿದ್ದರಂತೆ. ಅವನು ತೂಕ ಇಳಿಸಿಕೊಂಡು, ಇವನು ಏರಿಸಿಕೊಂಡು ನಡುವೆ ಸೇರಬೇಕು ಅಂತ ಒಪ್ಪಂದ. ನಮ್ಮ ಹುಡುಗ ಅಷ್ಟೂ ಮಾಡಿದ. ಕೊನೇ ಗಳಿಗೆಯಲ್ಲಿ ನೀವು ಅಡ್ಡ ಬಂದಿರಿ.

ಅನ್ಯಾಯ ಆಗುವಾಗ ಒಬ್ಬರೂ ತಡೆಯಲಿಲ್ಲ. ನ್ಯಾಯ ಸಿಗುವ ಹೊತ್ತಿಗೆ ತಡೆದಿರಿ. ಪೆಟ್ಟು ತಿಂದವನನ್ನೇ ಕಟ್ಟಿಹಾಕುವ ನಿಯಮ ಎಂಥ ನಿಯಮ? ಎದುರಾಳಿ ಗೆದ್ದ ಅಂತ ಅಲ್ಲೇ ಮೈಕಿನಲ್ಲಿ ಸಾರಿದರಂತೆ. ಆಡದೆಯೇ ಸೋತು ಮನೆಗೆ ಬಂದಿದ್ದಾನೆ. ಊಟ ಸೇರುವುದಿಲ್ಲ. ಯಾಕೆ ತಡೆದರು ಅಂತ ಕೇಳಿದರೆ "ಆ ಡಾಕ್ಟ್ರಿಗೇ ಕೇಳು" ಅನ್ನುತ್ತಾನೆ. ಅದಕ್ಕೆ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಫೋನಿಲ್ಲ, ಅಂಗಡಿಯ ಫೋನಿನಲ್ಲಿ ಮಾತಾಡಿದರೆ ಊರೆಲ್ಲ ಕೇಳುತ್ತದೆ. ಕಾಗದದಲ್ಲೇ ಉತ್ತರ ಕೊಡಿ.

ತನುಜಾ ಕೆರಿಯಪ್ಪ ನಾಯ್ಕ

---

ಮಾಟುಂಗ, ಮುಂಬಯಿ
27 ಜನವರಿ 2003

ಶ್ರೀಮತಿ ತನುಜಾ ಅವರಿಗೆ,

ನಿಮ್ಮ ಪತ್ರ ತಲುಪಿತು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನೀವು ಕೇಳಿದ್ದಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಆಟಗಾರನ ದೇಹದ ವಿಷಯ ಆಟಗಾರನದು. ಉಲ್ಲಾಸ ಅವರು ವಯಸ್ಕರು. ಅವರ ಒಪ್ಪಿಗೆ ಇಲ್ಲದೆ ಅಕ್ಕನಿಗೂ ನಾನು ಏನೂ ಹೇಳುವಂತಿಲ್ಲ. ಹೇಳಬಹುದು ಎಂದು ಅವರು ಎರಡು ಸಾಲು ಬರೆದುಕೊಟ್ಟರೆ ಅಂದೇ ಎಲ್ಲವನ್ನೂ ಬರೆಯುತ್ತೇನೆ.

ಅವರ ಎದುರಾಳಿ ಯಾರು, ಹಿಂದಿನ ಆಟದಲ್ಲಿ ಏನಾಯಿತು ಎಂಬುದನ್ನು ನೋಡಿ ನಾನು ತೀರ್ಮಾನ ಮಾಡಲಿಲ್ಲ. ಡಿಸೆಂಬರಿನಲ್ಲಿ ನಾನು ಅಲ್ಲಿ ಇರಲಿಲ್ಲ. ಆ ಆಟದ ಬಗ್ಗೆ ಪತ್ರಿಕೆಯಲ್ಲಿ ಟೀಕೆ ಬಂದ ಮೇಲೆಯೇ ಆಟ ನಡೆಸುವ ಕಂಪನಿಯವರು ಒಬ್ಬ ಡಾಕ್ಟರನ್ನು ಕರೆದದ್ದು.

ಒಂದು ಮಾತು ಅವರನ್ನೇ ಕೇಳಿ. ಅಂದು ನಾನು ಒಂದಲ್ಲ, ಎರಡು ಚೀಟಿ ಕೊಟ್ಟಿದ್ದೆ.

ನಮಿತಾ ಹೆಗಡೆ

---

ಬಿಳಗಿ
5 ಫೆಬ್ರವರಿ 2003

ಡಾಕ್ಟರ್ ಅವರಿಗೆ,

ಕೇಳಿದೆ. ಎರಡನೇ ಚೀಟಿಯನ್ನು ರೈಲಿನಲ್ಲೇ ಹರಿದು ಎಸೆದನಂತೆ. ಯಾವುದೋ ದೊಡ್ಡ ಪರೀಕ್ಷೆ ಮಾಡಿಸಿಕೋ ಅಂತ ಬರೆದಿದ್ದಿರಂತೆ. "ಅದೆಲ್ಲ ಡಾಕ್ಟ್ರುಗಳ ವ್ಯವಹಾರ ಅಕ್ಕ" ಅಂದ. ನನಗೂ ಹಾಗೇ ಅನ್ನಿಸಿತು. ಒಪ್ಪಿಗೆ ಬರೆದುಕೊಡು ಅಂದರೆ ಎದ್ದು ಹೋದ.

ಹೆಗಡೆ ಅನ್ನುವ ಹೆಸರು ನೋಡಿ ಶಿರಸಿಯಲ್ಲಿ ವಿಚಾರಿಸಿದೆ. ನೀವು ಭೈರುಂಬೆಯವರಂತೆ. ನಮ್ಮ ಕಡೆಯವರು. ಅಷ್ಟುದ್ದ ಕಾಗದದಲ್ಲಿ ಅದೊಂದು ಮಾತು ಬರೆಯಲು ನಿಮಗೆ ಮನಸ್ಸು ಬರಲಿಲ್ಲ. ನಮ್ಮ ಕಡೆಯ ಹುಡುಗ ಅಂತ ಗೊತ್ತಿದ್ದೂ ಅಷ್ಟು ಜನರ ಮುಂದೆ ಅವನ ತಲೆ ತಗ್ಗಿಸಿದಿರಿ. ಗದ್ದೆ ಕೆಲಸದವರ ಮನೆಯ ಹುಡುಗ, ಯಾರು ಕೇಳುತ್ತಾರೆ ಅಂದುಕೊಂಡಿರಬೇಕು. ಎದುರಿನವನು ಕಂಪನಿಯ ಮುದ್ದಿನವನು ಅಂತ ಎಲ್ಲರೂ ಹೇಳುತ್ತಾರೆ. ಅವನನ್ನು ಗೆಲ್ಲಿಸಲು ನಿಮ್ಮ ಚೀಟಿ ಅನುಕೂಲವಾಯಿತು.

ಇಲ್ಲಿ ಚೀಟಿ ಕೇಳುವವರು ಯಾರೂ ಇಲ್ಲ. ಮಾರ್ಚಿ ಮೊದಲ ವಾರ ಯಲ್ಲಾಪುರದಲ್ಲಿ ಕುಸ್ತಿ ಇದೆ. ಅಲ್ಲಿಯ ಗರಡಿಯ ವಸ್ತಾದ ಕಲ್ಲಯ್ಯನವರು ಇವನ ಹೆಸರು ಹಚ್ಚಿದ್ದಾರೆ. ಹುಡುಗ ಮತ್ತೆ ಗರಡಿಗೆ ಹೋಗುತ್ತಿದ್ದಾನೆ. ಬೆಳಿಗ್ಗೆ ಸ್ವಲ್ಪ ತಲೆನೋವು ಅನ್ನುತ್ತಾನೆ, ಅದು ಮನಸ್ಸಿನ ಬೇಜಾರು. ಒಂದು ಕುಸ್ತಿ ಗೆದ್ದರೆ ಸರಿಹೋಗುತ್ತದೆ.

ಇನ್ನು ನೀವು ಬರೆಯುವುದು ಬೇಡ.

ತನುಜಾ

---

ಮುಂಬಯಿ
10 ಫೆಬ್ರವರಿ 2003
(ರಿಜಿಸ್ಟರ್ ಪೋಸ್ಟ್)

ತನುಜಾ ಅವರಿಗೆ,

ಬರೆಯಬೇಡಿ ಎಂದಿದ್ದೀರಿ, ಕ್ಷಮಿಸಿ. ಇದು ಉಲ್ಲಾಸ ಅವರ ವಿಷಯ ಬರೆದದ್ದಲ್ಲ. ತಲೆಗೆ ಪೆಟ್ಟು ತಿಂದವರು ಯಾರ ಮನೆಯಲ್ಲಿದ್ದರೂ ಆ ಮನೆಯವರಿಗೆ ನಾನು ಹೇಳುವ ಮಾತು.

ಪೆಟ್ಟು ಬಿದ್ದು ವಾರಗಳು ಕಳೆದ ಮೇಲೂ ತಲೆಯೊಳಗೆ ರಕ್ತ ನಿಧಾನವಾಗಿ ಸೇರುತ್ತ ಹೋಗಬಹುದು. ಬೆಳಗಿನ ತಲೆನೋವು ದಿನೇದಿನೇ ಹೆಚ್ಚಾದರೆ, ವಾಂತಿಯಾದರೆ, ಒಂದು ಕೈಯೋ ಕಾಲೋ ಮಾತು ಕೇಳದಿದ್ದರೆ, ಹೆಸರುಗಳು ತಪ್ಪಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಮಂಪರು ಕವಿದರೆ, ಪಿತ್ತವೆಂದೋ ಆಯಾಸವೆಂದೋ ಮಲಗಿಸಬೇಡಿ. ನನ್ನ ಉತ್ತರಕ್ಕೂ ಕಾಯಬೇಡಿ. ಸಿಕ್ಕಿದ ಗಾಡಿ ಹಿಡಿದು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಿ. ತಲೆಗೆ ಪೆಟ್ಟು ಬಿದ್ದಿತ್ತು ಎಂದು ಮೊದಲ ಮಾತಿನಲ್ಲೇ ಹೇಳಿ. ಅಲ್ಲಿಯವರೆಗೆ ಅಂಥವರು ಕಣಕ್ಕೆ ಇಳಿಯಬಾರದು. ತಮಾಷೆಗೂ ಇಳಿಯಬಾರದು.

ನನ್ನ ಮನೆಯ ಫೋನ್ ನಂಬರು ಹಿಂದುಗಡೆ ಬರೆದಿದ್ದೇನೆ. ಯಾವ ಹೊತ್ತಿನಲ್ಲಾದರೂ ಮಾಡಿ.

ನಮಿತಾ

---

ಹುಬ್ಬಳ್ಳಿ
16 ಮಾರ್ಚ್ 2003

ಡಾಕ್ಟರ್ ಅಮ್ಮನವರಿಗೆ,

ಆಸ್ಪತ್ರೆಯ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಉಲ್ಲಾಸ ಒಳಗೆ ಗಂಜಿ ಕುಡಿದು ಮಲಗಿದ್ದಾನೆ. ಇದನ್ನೇ ಮೊದಲು ಹೇಳಬೇಕು ಅನ್ನಿಸಿತು.

ನಿಮ್ಮ ರಿಜಿಸ್ಟರ್ ಕಾಗದ ಬಂದಾಗ ಓದಿ ಸಿಟ್ಟಿನಲ್ಲಿ ಅಕ್ಕಿ ಡಬ್ಬದ ಹಿಂದೆ ತುರುಕಿದ್ದೆ. ತಪ್ಪು ಮುಚ್ಚಿಕೊಳ್ಳಲು ಹೆದರಿಸುತ್ತಿದ್ದೀರಿ ಅಂತ ತಿಳಿದೆ. ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ಉಲ್ಲಾಸ ಗರಡಿಗೆ ಹೊರಟವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಇದ್ದ. ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಎಡಗೈ ಜೋತು ಬಿದ್ದಿತ್ತು.

"ಎಂತ ಆಯ್ತಾ?" ಅಂದೆ.

"ಎಂತೂ ಇಲ್ಲ ಅಕ್ಕ, ತಲೆ ಭಾರ" ಅಂದ. ನಮ್ಮ ಮನೆಯವರನ್ನು ನೋಡಿ "ಅಪ್ಪ, ನೀರು ಕೊಡು" ಅಂದ. ಅಪ್ಪ ಹೋಗಿ ಹತ್ತು ವರ್ಷವಾಯಿತು. ಅಷ್ಟರಲ್ಲಿ ವಾಂತಿಯೂ ಆಯಿತು. ನಮ್ಮ ಮನೆಯವರು ಪಿತ್ತ ಕೆರಳಿದೆ, ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸು ಅಂದರು. ನಾನು ನಿಂಬೆಹಣ್ಣು ಕೊಯ್ದೂ ಆಗಿತ್ತು. ಪಿತ್ತ ಅನ್ನುವ ಮಾತು ಕಿವಿಗೆ ಬಿದ್ದಾಗ ನಿಮ್ಮ ಕಾಗದ ನೆನಪಾಯಿತು. ತೆಗೆದು ಓದಿದೆ. ನೀವು ನಮ್ಮ ಅಡುಗೆಮನೆಯಲ್ಲೇ ನಿಂತು ಹೇಳಿದ ಹಾಗಿತ್ತು.

ಜೀಪು ಮಾಡಿಕೊಂಡು ಹೊರಟೆವು. ಶಿರಸಿಯ ಡಾಕ್ಟರು ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಇಲ್ಲಿ ಇಳಿಸಲೇ ಬೇಡಿ, ಹೋಗಿ ಅಂದರು. ಮುಂಡಗೋಡು ದಾಟುವ ಹೊತ್ತಿಗೆ ಕರೆದರೆ ಓಗೊಡಲಿಲ್ಲ. ದಾರಿಯುದ್ದಕ್ಕೂ ಅವನ ತಲೆ ಅಲುಗದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಬಂದೆ. ಇಲ್ಲಿ ಅದೇ ದಿನ ತಲೆಬುರುಡೆಗೆ ತೂತು ಮಾಡಿ ಹಳೇ ರಕ್ತ ತೆಗೆದರು. ಕಪ್ಪಗೆ, ಎಂಜಿನ್ ಎಣ್ಣೆಯ ಹಾಗೆ ಇತ್ತಂತೆ.

ಆಪರೇಶನ್ ಮಾಡಿದ ಡಾಕ್ಟರು ಎಲ್ಲ ಕೇಳಿದರು. ಯಲ್ಲಾಪುರದ ಕುಸ್ತಿಗೆ ಇನ್ನು ನಾಲ್ಕು ದಿನ ಇತ್ತು ಅಂದೆ. "ಜನವರಿಯಲ್ಲಿ ಇವನನ್ನು ಆಡಲು ಬಿಡದವರು ಯಾರಮ್ಮ?" ಅಂದರು. ನಿಮ್ಮ ಹೆಸರು ಹೇಳಿದೆ. "ಅವರು ಅವತ್ತು ಬಿಟ್ಟಿದ್ದರೆ ಇವನು ನನ್ನ ಹತ್ತಿರ ಬರುವ ತನಕ ಉಳಿಯುತ್ತಿರಲಿಲ್ಲ" ಅಂದರು.

ಅಮ್ಮ, ನಾನು ನಿಮಗೆ ಏನೇನು ಬರೆದೆ ಅನ್ನುವುದು ನನಗೆ ಅಕ್ಷರಕ್ಷರ ನೆನಪಿದೆ. ನೀವು ಅದಕ್ಕೆ ತಿರುಗಿ ಒಂದು ಮಾತೂ ಅನ್ನಲಿಲ್ಲ. ಉಲ್ಲಾಸ ಇವತ್ತು ತಾನಾಗಿ ಪೆನ್ನು ಕೇಳಿದ. ಅಕ್ಷರ ಸೊಟ್ಟಗಿದೆ, ಸಹಿ ಅವನದೇ. ನೀವು ಅಕ್ಕನಿಗೆ ಎಲ್ಲ ಹೇಳಬಹುದು ಅಂತ ಬರೆದಿದ್ದಾನೆ. ಇದರ ಜೊತೆ ಇಟ್ಟಿದ್ದೇನೆ.

ಬದುಕಿರುವ ತನಕ ನಿಮ್ಮನ್ನು ನೆನೆಯುವ,
ತನುಜಾ

---

ಮುಂಬಯಿ
24 ಮಾರ್ಚ್ 2003

ಪ್ರಿಯ ತನುಜಾ,

ನಿಮ್ಮ ಪತ್ರವನ್ನು ದವಾಖಾನೆಯಲ್ಲಿ ರೋಗಿಗಳನ್ನು ಕಾಯಿಸಿ ಓದಿದೆ. ಫೆಬ್ರವರಿಯಿಂದ ಫೋನು ಬಡಿದಾಗಲೆಲ್ಲ ನಿಮ್ಮದಿರಬಹುದೇ ಎನ್ನಿಸುತ್ತಿತ್ತು. ಉಲ್ಲಾಸ ಗಂಜಿ ಕುಡಿದರು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ.

ಈಗ ಹೇಳುತ್ತೇನೆ. ಅಂದು ಸಂಜೆ ಆಟಗಾರರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದೆ. ನೆಲದ ಮೇಲಿನ ಗೆರೆಯ ಮೇಲೆ ನಡೆಯಿರಿ ಎಂದೆ. ಉಲ್ಲಾಸ ಮೂರನೇ ಹೆಜ್ಜೆಗೇ ಎಡಕ್ಕೆ ವಾಲಿದರು. ಮೂರು ಪದ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, ಒಂದೂ ಬರಲಿಲ್ಲ. ಎರಡು ಕಣ್ಣಿನ ಪಾಪೆಗಳು ಸಮ ಇರಲಿಲ್ಲ. ಊರು ಯಾವುದು ಎಂದು ಹಿಂದಿಯಲ್ಲಿ ಕೇಳಿದೆ. "ಬಿಳಗಿ, ಸಿದ್ದಾಪುರದ ಹತ್ತಿರ" ಎಂದು ಕನ್ನಡದಲ್ಲೇ ಹೇಳಿದರು. ನನಗೂ ಬಾಯಿ ತಪ್ಪಿ ಕನ್ನಡ ಬಂತು. ಅದೇ ಕಷ್ಟವಾಯಿತು ನೋಡಿ. ಅಲ್ಲಿಯವರೆಗೆ ಗಟ್ಟಿ ನಿಂತಿದ್ದವರು, ನಮ್ಮ ಕಡೆಯವರು ಎಂದು ತಿಳಿದ ಕೂಡಲೇ ನನ್ನ ಕೈ ಹಿಡಿದುಕೊಂಡು ಅತ್ತರು. "ಒಂದು ಸಲ ಬಿಟ್ಬಿಡಿ ಅಕ್ಕ, ಅವತ್ತು ಅವರು ನನಗೆ ಮೋಸ ಮಾಡಿದ್ರು, ಇವತ್ತು ತೀರಿಸ್ಕೊಳ್ತೆ" ಎಂದರು. ಆಗುವುದಿಲ್ಲ ತಮ್ಮ ಎಂದೆ, ಕೂಡಲೇ ತಲೆಯ ಸ್ಕ್ಯಾನ್ ಮಾಡಿಸಿ ಎಂದು ಎರಡನೇ ಚೀಟಿ ಬರೆದುಕೊಟ್ಟೆ. ನಾನು ಭೈರುಂಬೆಯವಳು ಎಂದು ನಿಮಗೆ ಬರೆಯದಿದ್ದದ್ದೂ ಇದೇ ಕಾರಣಕ್ಕೆ. ಊರಿನ ಹೆಸರು ನಡುವೆ ಬಂದರೆ ನೀವೂ ಅದನ್ನೇ ಕೇಳುತ್ತೀರಿ, ಇಲ್ಲ ಎನ್ನುವುದು ನನಗೆ ಮತ್ತೂ ಕಷ್ಟವಾಗುತ್ತದೆ ಎಂದುಕೊಂಡೆ.

ಪೆಟ್ಟು ತಿಂದವನನ್ನೇ ಕಟ್ಟಿಹಾಕುವ ನಿಯಮ ಎಂಥದ್ದು ಎಂದು ಕೇಳಿದ್ದಿರಿ. ಆ ಪ್ರಶ್ನೆ ಸರಿಯಾಗಿದೆ. ಈ ಆಟಕ್ಕೆ ನಮ್ಮಲ್ಲಿ ಕಾಯಿದೆ ಎಂಬುದೇ ಇಲ್ಲ. ಟಿಕೇಟು ಮಾರುವವರೇ ಜೋಡಿ ಕಟ್ಟುತ್ತಾರೆ, ರೆಫರಿಗೆ ಸಂಬಳ ಕೊಡುವವರೂ ಅವರೇ. ಡಾಕ್ಟರು ಬೇಡ ಎಂದರೆ ಬೇಡ ಎಂಬ ಒಂದು ಮಾತನ್ನು ಬರೆಸಿಕೊಂಡೇ ನಾನು ಒಪ್ಪಿದ್ದೆ. ಆಡದವನನ್ನು ಸೋತವನೆಂದು ಸಾರಬೇಡಿ ಎಂದು ಅಂದೇ ತಕರಾರು ಮಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಚೆಗೆ ದವಾಖಾನೆಯಲ್ಲೇ ಕೆಲಸ ಹೆಚ್ಚಾಗಿ ಆ ಆಟಗಳ ಕಡೆ ಹೋಗಲು ಬಿಡುವಾಗುತ್ತಿಲ್ಲ.

ಮನೆಗೆ ಹೋದ ಮೇಲೆ ಎಡಗೈಗೆ ವ್ಯಾಯಾಮ ಮಾಡಿಸಿ. ಬೇಸರವಾದರೂ ಬಿಡಬೇಡಿ. ಅವರು ಇನ್ನು ಕಣಕ್ಕಿಳಿದು ಆಡುವಂತಿಲ್ಲ ಎಂಬುದನ್ನು ಅಲ್ಲಿಯ ಡಾಕ್ಟರು ಹೇಳಿರಬಹುದು. ಹೇಳಿರದಿದ್ದರೆ ನೀವು ಹೇಳಬೇಡಿ, ನನ್ನ ಜೊತೆ ಫೋನಿನಲ್ಲಿ ಮಾತಾಡಲಿ. ಆ ಮಾತು ಮನೆಯವರ ಬಾಯಿಂದ ಬರುವುದು ಬೇಡ.

ನಿಮ್ಮ,
ನಮಿತಾ

---

ಬಿಳಗಿ
8 ಜೂನ್ 2003

ನಮಿತಕ್ಕನಿಗೆ,

ಹೀಗೆ ಕರೆಯಬಹುದು ಅಂತ ಫೋನಿನಲ್ಲಿ ನೀವೇ ಹೇಳಿದ್ದೀರಿ.

ಬಿಡುವಿಲ್ಲ ಅಂತ ಬರೆದಿದ್ದಿರಿ. ಹೋದ ವಾರ ಉಲ್ಲಾಸನ ಮುಂಬಯಿಯ ಗೆಳೆಯ ನೋಡಲು ಬಂದಿದ್ದ. ಎಲ್ಲ ಹೇಳಿದ. ಆ ರಾತ್ರಿಯೇ ಕಂಪನಿಯವರು ನೀವು ಇನ್ನು ಬರುವುದು ಬೇಡ ಅಂದರಂತೆ. ಈಗ ಇರುವ ಡಾಕ್ಟರು ಆಟಗಾರರು ಬರುವ ಮೊದಲೇ ಅಷ್ಟೂ ಕಾಗದಕ್ಕೆ ಸಹಿ ಹಾಕಿಟ್ಟಿರುತ್ತಾರಂತೆ. ನನ್ನ ಬೈಗುಳದ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನಮ್ಮ ಹುಡುಗನಿಗಾಗಿ ನೀವು ಆ ಜಾಗ ಕಳೆದುಕೊಂಡಾಗಿತ್ತು. ಅದನ್ನೂ ನುಂಗಿಕೊಂಡು ಉತ್ತರ ಬರೆದಿರಿ. ಗೆಳೆಯ ಹೋದ ಮೇಲೆ ಉಲ್ಲಾಸ ಸಂಜೆಯವರೆಗೆ ಕೆರೆಯ ಏರಿಯ ಮೇಲೆ ಕೂತಿದ್ದ. ಬಂದು "ಅಕ್ಕ, ಅವರು ತಡೆದಿದ್ದು ನನಗೆ ನೆನಪೇ ಇಲ್ಲೆ" ಅಂದ. ನಿಜವಂತೆ. ಡಿಸೆಂಬರಿನಿಂದ ಆಸ್ಪತ್ರೆಯವರೆಗೆ ಅಲ್ಲೊಂದು ಇಲ್ಲೊಂದು ತುಣುಕು ಬಿಟ್ಟರೆ ಏನೂ ಉಳಿದಿಲ್ಲ. ನಿಮ್ಮ ಕೈ ಹಿಡಿದು ಅತ್ತಿದ್ದನ್ನು ನಾನು ಓದಿ ಹೇಳಿದೆ. ಬೇರೆ ಯಾರದೋ ಕತೆ ಕೇಳಿದ ಹಾಗೆ ಕೇಳಿದ.

ಎಡಗೈಯಲ್ಲಿ ಈಗ ಕೊಡಪಾನ ಎತ್ತುತ್ತಾನೆ. ಇನ್ನು ಆಡುವಂತಿಲ್ಲ ಅಂತ ನೀವು ಹೇಳಿದ ದಿನದಿಂದ ಗರಡಿಯ ಕಡೆ ಹೋಗಿರಲಿಲ್ಲ. ನಿನ್ನೆ ಯಲ್ಲಾಪುರದ ಕಲ್ಲಯ್ಯ ವಸ್ತಾದರು ಬಂದರು. ಮುಂದಿನ ವರ್ಷದ ಕುಸ್ತಿಯ ಮಾತು ಬಂತು. ಉಲ್ಲಾಸ ಸುಮ್ಮನೆ ಕೇಳುತ್ತಿದ್ದವನು "ಈ ಸಲ ತೂಕ ನೋಡಿ ಜೋಡಿ ಕಟ್ಟಿ, ಒಬ್ಬರು ಡಾಕ್ಟರು ಇರಲಿ" ಅಂದ.

ವಸ್ತಾದರು ನಕ್ಕರು. "ಕಣದಾಗ ಇಳದಾವ ಬೀಳತಾನ, ಏಳತಾನ. ಡಾಕ್ಟರ್ ಬಂದು ಕುಂತ್ರ ಪೈಲ್ವಾನರ ಎದಿ ಒಡೀತದಪಾ."

"ವಸ್ತಾದ್ರೆ, ನನ್ನ ಹೆಸರು ಹಚ್ಚಿದ್ದು ನೀವೇ ಅಲ್ದಾ? ನನ್ನ ತಲೆಯೊಳಗೆ ಏನಿತ್ತು ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲಪಾ."

"ನನಗೂ ಗೊತ್ತಿರ್ಲಿಲ್ಲ. ಗೊತ್ತಾಗಿದ್ದು ಒಬ್ಬರಿಗೇ, ಆ ಡಾಕ್ಟ್ರಿಗೆ."

ಮುದುಕರು ಚಾ ಲೋಟ ಕೆಳಗಿಟ್ಟರು, ಮತ್ತೆ ಎತ್ತಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು "ಏನೇನು ಬೇಕೋ ಬರದು ಕೊಡ್ರಿ ತಂಗಿ, ಕುಸ್ತಿ ಪಂಚರ ಮುಂದ ಇಡತೀನಿ" ಅಂದರು. ಏನು ಬರೆಯಬೇಕು ಅಂತ ನಮಗೆ ಗೊತ್ತಿಲ್ಲ ನಮಿತಕ್ಕ. ನೀವು ಹೇಳಿಕೊಡಬೇಕು.

ತನುಜಾ

---

ಮುಂಬಯಿ
25 ಜೂನ್ 2003

ಪ್ರಿಯ ತನುಜಾ,

ಆ ಜಾಗ ಹೋದದ್ದಕ್ಕೆ ನಾನು ಬೇಸರಪಟ್ಟದ್ದು ನಿಜ, ನಿಮಗೆ ಹೇಳದೆ ಇದ್ದದ್ದೂ ನಿಜ. ಹೇಳಿದ್ದರೆ ನಿಮ್ಮ ತಮ್ಮನ ಮೇಲೆ ನಾನೊಂದು ಹೊರೆ ಇಟ್ಟಂತಾಗುತ್ತಿತ್ತು. ಊರಿಂದ ಆಯಿ ಫೋನಿನಲ್ಲಿ "ಆ ಹೊಡೆದಾಟದವರ ಸಹವಾಸ ಬಿಟ್ಟಿದ್ದು ಚೊಲೋ ಆತು ಕೂಸೆ" ಎಂದಳು. ನನಗೆ ಚೊಲೋ ಎನ್ನಿಸಿರಲಿಲ್ಲ. ಆ ಹುಡುಗರನ್ನು ಈಗ ಯಾರೂ ನೋಡುತ್ತಿಲ್ಲವಲ್ಲ ಎನ್ನಿಸುತ್ತಿತ್ತು. ನಿಮ್ಮ ಪತ್ರ ಬಂದ ದಿನ ಅದು ಸ್ವಲ್ಪ ಹಗುರವಾಯಿತು. ನಾನು ಕಲಿತದ್ದು ನಮ್ಮೂರ ಕಡೆ ಯಾರಿಗೋ ಬೇಕಾಗಿದೆ.

ನಿಯಮ ಬಹಳ ಬೇಡ. ಬಹಳ ಇದ್ದರೆ ಯಾರೂ ಓದುವುದಿಲ್ಲ. ಬೆಳಿಗ್ಗೆ ಎಲ್ಲರೆದುರು ತಕ್ಕಡಿಯಲ್ಲಿ ತೂಗಬೇಕು, ಹತ್ತಿರ ಹತ್ತಿರದ ತೂಕದವರಿಗೇ ಜೋಡಿ ಕಟ್ಟಬೇಕು. ಜೋಡಿ ಕಟ್ಟುವವರು ಬೇರೆ, ತೀರ್ಪು ಕೊಡುವವರು ಬೇರೆ ಇರಬೇಕು. ಮೈ ಸಡಿಲಾದವನನ್ನು ನೋಡಿದ ಕೂಡಲೇ ನಿರ್ಣಾಯಕ ನಡುವೆ ಬರಬೇಕು, ಜನ ಏನಂದರೂ. ಡಾಕ್ಟರು ಬೇಡ ಎಂದರೆ ಬೇಡ.

ಇನ್ನೊಂದು ನಿಯಮ ನಿಮ್ಮದು. ನಿಮ್ಮ ಮೊದಲ ಪತ್ರವನ್ನು ಮತ್ತೆ ತೆಗೆದು ಓದಿ ಬರೆದೆ. ಡಾಕ್ಟರು ತಡೆದವನು ಸೋತವನಲ್ಲ. ಅವನ ಕುಸ್ತಿ ಕಾಯಬೇಕು, ಬಹುಮಾನವನ್ನು ಯಾರಿಗೂ ಕೊಡದೆ ಎತ್ತಿಡಬೇಕು, ಅವನು ಗುಣವಾದ ಮೇಲೆ ಅದೇ ಜೋಡಿ ಆಡಬೇಕು. ಡಾಕ್ಟರಾಗಿ ನಾನು ಹುಡುಗನನ್ನು ಉಳಿಸುವುದನ್ನಷ್ಟೇ ಯೋಚಿಸಿದ್ದೆ. ಉಳಿದ ಹುಡುಗ ತಲೆಯೆತ್ತಿ ಮನೆಗೆ ಹೋಗಬೇಕು ಎಂಬುದನ್ನು ನೀವು ಬೈದು ಕಲಿಸಿದಿರಿ. ಆ ಬೈಗುಳಕ್ಕೆ ನಾನು ಋಣಿ.

ಕನ್ನಡ ಸುಲಭ ಮಾಡಿ. ನನ್ನದು ಆಸ್ಪತ್ರೆಯ ಕನ್ನಡ.

ನಮಿತಾ

---

ಬಿಳಗಿ
30 ನವೆಂಬರ್ 2003

ನಮಿತಕ್ಕ,

ನಿಮ್ಮ ನಿಯಮ ಪಂಚರು ಒಪ್ಪಿದರು. ತೂಕದ ಮಾತಿಗೆ ಯಾರೂ ಅಡ್ಡಿ ಮಾಡಲಿಲ್ಲ. ಬಹುಮಾನ ಎತ್ತಿಡುವ ಮಾತಿಗೆ ಮಾತ್ರ ದೊಡ್ಡ ಗಲಾಟೆ. ಎದುರು ಬಂದು ನಿಂತವನಿಗೆ ಅನ್ಯಾಯ ಅಲ್ಲವಾ ಅಂತ ಒಬ್ಬರು. ಆಗ ಕಲ್ಲಯ್ಯನವರೇ ಎದ್ದು "ಆಡದ ಗೆದ್ದ ಕಪ್ಪನ್ನ ಯಾವ ಪೈಲ್ವಾನ ಮನಿಯಾಗ ಇಡತಾನ? ಇಡಾವ ಇದ್ರ ಕೈ ಎತ್ರಿ" ಅಂದರು. ಒಬ್ಬರೂ ಎತ್ತಲಿಲ್ಲ.

ಉಲ್ಲಾಸನನ್ನು ನಿರ್ಣಾಯಕನನ್ನಾಗಿ ಮಾಡಿದ್ದಾರೆ. ಶಿರಸಿಯ ವ್ಯಾಯಾಮ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸವೂ ಸಿಕ್ಕಿದೆ. ಆಡಲು ಆಗುವುದಿಲ್ಲ ಅನ್ನುವ ದುಃಖ ಹೋಗಿಲ್ಲ, ಯಾರಾದರೂ ಒಳ್ಳೆಯ ಪಟ್ಟು ಹಾಕಿದರೆ ಮುಖ ಬೇರೆ ಕಡೆ ತಿರುಗಿಸುತ್ತಾನೆ. ಆದರೆ ಬೆಳಿಗ್ಗೆ ನಾನು ಕರೆಯುವ ಮೊದಲೇ ಏಳುತ್ತಾನೆ.

ಕುಸ್ತಿ ಫೆಬ್ರವರಿಯಲ್ಲಿ. ಡಾಕ್ಟರ ಕುರ್ಚಿ ಖಾಲಿ ಇದೆ. ಭೈರುಂಬೆಗೆ ಬರುವ ನೆಪದಲ್ಲಿ ಬನ್ನಿ.

ತನುಜಾ

---

ಮುಂಬಯಿ
19 ಫೆಬ್ರವರಿ 2004

ಪ್ರಿಯ ತನುಜಾ,

ನಿಮ್ಮ ಮನೆಯ ಸಿಹಿ, ಕಾಗದದಷ್ಟು ತೆಳ್ಳಗಿನ ತೊಡೆದೇವು, ಪುಡಿಯಾಗದೆ ಮುಂಬಯಿ ತಲುಪಿತು. ನಿಮ್ಮನ್ನು ಮೊದಲ ಸಲ ನೋಡಿದಾಗ ಇಬ್ಬರಿಗೂ ಮಾತೇ ಬರಲಿಲ್ಲವಲ್ಲ. ಕಾಗದದಲ್ಲಿ ಅಷ್ಟು ಮಾತಾಡಿದವರು.

ಯಲ್ಲಾಪುರದಲ್ಲಿ ಬಾಗಿಲು ಮುಚ್ಚಿದ ಕೋಣೆಯೊಳಗೆ ಏನಾಯಿತು ಎಂದು ನೀವು ಕೇಳಿದ್ದಿರಿ, ನಾನು ನಕ್ಕು ಸುಮ್ಮನಾಗಿದ್ದೆ. ಪೈಲ್ವಾನ ಮಾದೇವ ಈಗ ಫೋನು ಮಾಡಿ, ತನುಜಕ್ಕನಿಗೆ ಹೇಳಬಹುದು ಎಂದಿದ್ದಾನೆ. ಆದ್ದರಿಂದ ಹೇಳುತ್ತೇನೆ.

ಕಲ್ಲಯ್ಯನವರ ಶಿಷ್ಯರಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಅವನನ್ನು. ನನ್ನ ಎರಡು ಬೆರಳು ಹಿಡಿದು ಅಮುಕು ಎಂದೆ. ಎಡಗೈ ಕಬ್ಬಿಣ. ಬಲಗೈಯಲ್ಲಿ ಬಲವೇ ಇರಲಿಲ್ಲ. ಹಿಂದಿನ ವಾರ ಗರಡಿಯಲ್ಲಿ ಕುತ್ತಿಗೆ ಮಡಚಿ ಬಿದ್ದಿದ್ದನಂತೆ, ಯಾರಿಗೂ ಹೇಳಿರಲಿಲ್ಲ. ಆಗುವುದಿಲ್ಲ ಎಂದೆ. ಅವನು ಗೋಡೆಗೆ ಮುಖ ಮಾಡಿ ನಿಂತ. ಕಲ್ಲಯ್ಯನವರನ್ನು ಕರೆಸಿದರು. ಹೊರಗೆ ಜನ ಅವನ ಹೆಸರು ಕೂಗುತ್ತಿದ್ದರು. ಈ ಮುದುಕರು ಈಗ ನನ್ನನ್ನು ಊರಿಂದ ಓಡಿಸುತ್ತಾರೆ ಎಂದುಕೊಂಡೆ. ಮುಂಬಯಿಯ ಆ ರಾತ್ರಿ ಕಂಪನಿಯ ಮ್ಯಾನೇಜರು ಬಂದು ನಿಂತದ್ದೂ ಹೀಗೇ.

"ಏನ್ರಿ ಡಾಕ್ಟರ್, ಒಂದ್ ಹತ್ತು ನಿಮಿಷದ ಕುಸ್ತಿನೂ ಆಗೂದಿಲ್ಲೇನ್ರಿ?" ಎಂದರು.

"ಆಗುವುದಿಲ್ಲ. ಮೂರು ತಿಂಗಳು."

ಅವರು ಶಿಷ್ಯನ ಕುತ್ತಿಗೆಯ ಮೇಲೆ ಕೈಯಿಟ್ಟರು. ಆಮೇಲೆ ಹೊರಗೆ ಹೋಗಿ ಮೈಕು ಹಿಡಿದರು. ಮುಂದಿನದನ್ನು ನೀವೇ ಕೇಳಿದ್ದೀರಿ. "ಮಾದೇವ ಸೋತಿಲ್ಲ. ಅವನ ಕುಸ್ತಿ ಮುಂದಕ್ಕ ಹೋಗೈತಿ. ಕಪ್ಪು ಕಟ್ಟಿ ಇಡತೀವಿ." ಜನ ಕೂಗಿದರು, ಒಂದಿಷ್ಟು ಮಂದಿ ಎದ್ದು ಹೋದರು. ನಾನು ಒಳಗೆ ಕೂತು ಕಣ್ಣೊರೆಸಿಕೊಂಡೆ. ನಾನು ಇಲ್ಲ ಎಂದ ಮೇಲೆ ಇನ್ನೊಬ್ಬರು ಬಂದು ನನ್ನ ಪಕ್ಕ ನಿಂತದ್ದು ಅದೇ ಮೊದಲು. ಅದಕ್ಕೆ ನಾನು ನಿಮಗೂ ಉಲ್ಲಾಸನಿಗೂ ಎಷ್ಟು ಕೃತಜ್ಞಳು ಎಂದು ಎದುರಿಗೆ ಹೇಳಲು ಬರಲಿಲ್ಲ. ಕಾಗದದಲ್ಲಿ ಹೇಳುತ್ತಿದ್ದೇನೆ.

ಮೇ ತಿಂಗಳಲ್ಲಿ ಶಿರಸಿಯ ನನ್ನ ಸ್ನೇಹಿತ ಡಾಕ್ಟರು ಮಾದೇವನನ್ನು ನೋಡುತ್ತಾರೆ. ಅವರು ಹೂಂ ಎಂದ ಮೇಲೆಯೇ ಆಟ. ಆದದ್ದನ್ನು ಬರೆಯಿರಿ.

ನಮಿತಾ

---

ಬಿಳಗಿ
23 ಮೇ 2004

ನಮಿತಕ್ಕ,

ಶಿರಸಿಯ ಡಾಕ್ಟರು ಹೂಂ ಅಂದರು. ನಿನ್ನೆ ಸಂಜೆ ಯಲ್ಲಾಪುರದ ಗರಡಿಯ ಮುಂದೆಯೇ ಕುಸ್ತಿ ಆಯಿತು. ಫೆಬ್ರವರಿಯಷ್ಟು ಜನ ಇರಲಿಲ್ಲ. ಗರಡಿಯ ಹುಡುಗರು, ಪೇಟೆಯ ನಾಲ್ಕು ಮಂದಿ, ಮಾದೇವನ ತಾಯಿ ಪಾರ್ವತವ್ವ, ನಾನು. ಎದುರಾಳಿ ಮನ್ಮನೆಯ ಸುಹಾಸ ಬೆಳಿಗ್ಗೆಯ ಬಸ್ಸಿಗೇ ಬಂದಿದ್ದ. ಮೂರು ತಿಂಗಳು ನಾನೂ ಸುಮ್ಮನೆ ಕೂರಲಿಲ್ಲ ಅಂತ ನಗುತ್ತಿದ್ದ. ಇಬ್ಬರನ್ನೂ ತೂಗಿದರು. ಹೆಚ್ಚುಕಮ್ಮಿ ಒಂದೇ ತೂಕ.

ಬಹಳ ಹೊತ್ತು ನಡೆಯಿತು. ಒಂದು ಸಲ ಮಾದೇವ ಅವನನ್ನು ಎತ್ತಿಯೇ ಬಿಟ್ಟಿದ್ದ, ಗೆದ್ದ ಅಂತಲೇ ನಾನು ಅಂದುಕೊಂಡೆ. ಸುಹಾಸ ಗಾಳಿಯಲ್ಲೇ ತಿರುಗಿ ಕೆಳಗೆ ಬಂದು ಅವನನ್ನೇ ಮಗುಚಿದ. ಉಲ್ಲಾಸ ಮಣ್ಣಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ ನೋಡಿದ, ಕೈ ಬಡಿದ, ಎದ್ದು ಸುಹಾಸನ ಕೈ ಎತ್ತಿದ.

ಮಾದೇವ ಕೂತಲ್ಲೇ ಕೇಳಿದ. "ಎರಡೂ ಭುಜ ಹತ್ತಿದ್ವಾ ಅಣ್ಣ?"

"ಹತ್ತಿತ್ತು."

"ನೀ ನೋಡಿದ್ಯಾ?"

"ನೋಡ್ದೆ."

"ಹಂಗಾದ್ರ ಸೋತೆ" ಅಂದ. ಎದ್ದು ಸುಹಾಸನ ಬೆನ್ನಿನ ಮಣ್ಣು ಜಾಡಿಸಿದ. ಕಲ್ಲಯ್ಯನವರು ಕಪ್ಪಿನ ಬಟ್ಟೆ ಬಿಚ್ಚಿ ಸುಹಾಸನ ಕೈಗೆ ಕೊಟ್ಟರು.

ಈ ಕುಸ್ತಿಯಲ್ಲಿ ಮಾದೇವ ಗೆಲ್ಲಲಿ, ನಿಮಗೆ ಒಳ್ಳೆಯ ಸುದ್ದಿ ಬರೆಯಬೇಕು ಅಂತ ನಾನು ಆಸೆ ಇಟ್ಟುಕೊಂಡಿದ್ದೆ. ಆ ಬೇಜಾರಿನಲ್ಲಿ ಪಾರ್ವತವ್ವನ ಹತ್ತಿರ ಹೋಗಿ, ಡಾಕ್ಟರಿಗೆ ಏನಂತ ಬರೆಯಲಿ ಅಂದೆ. ಆಕೆ ಸೆರಗಿನಲ್ಲಿ ಮಗನ ಕುತ್ತಿಗೆಯ ಬೆವರು ಒರೆಸುತ್ತಿದ್ದಳು. ಒರೆಸಿ ಮುಗಿಸಿ ಹೇಳಿದಳು.

"ನನ್ನ ಮಗ ಸೋತ, ತನ್ನ ಕಾಲ ಮ್ಯಾಲ ನಡಕೊಂತ ಮನಿಗೆ ಬಂದು ರೊಟ್ಟಿ ಉಂಡ ಅಂತ ಬರಿಯವಾ. ಆಕೀಗೆ ತಿಳೀತದ."

ಹಾಗೇ ಬರೆದಿದ್ದೇನೆ ನಮಿತಕ್ಕ.

ತನುಜಾ